ಸ್ನಾಯುಗಳ ಮರ್ಮಜ್ಞ ಡುಶೆನ್

ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿ ನೇಕಾರರ ಊರು. ಅಲ್ಲಿಯ ಓಣಿಗಳಲ್ಲಿ ಬೆಳಗಾಗುತ್ತಲೇ ಮಗ್ಗದ ಸದ್ದು ಕಿವಿಗೆ ಬೀಳುತ್ತದೆ. ಮಗ್ಗದ ಮೇಲೆ ಹಾಸಿನ ಎಳೆಗಳೆಲ್ಲವೂ ಒಂದೇ ಬಿಗಿಯಲ್ಲಿ ನಿಂತಿರಬೇಕು. ಒಂದು ಬದಿಯ ಎಳೆಗಳು ಸಡಿಲವಾದರೆ ಇನ್ನೊಂದು ಬದಿಯ ಎಳೆಗಳು ಬಟ್ಟೆಯನ್ನು ತಮ್ಮತ್ತ ಸೆಳೆದುಕೊಳ್ಳುತ್ತವೆ, ನೇಯ್ಗೆ ಸೊಟ್ಟಗಾಗುತ್ತದೆ. ಅನುಭವಿಯಾದ ನೇಕಾರನು ಸೊಟ್ಟಗಾದ ಅಂಚನ್ನು ಕಂಡೊಡನೆ ಬಟ್ಟೆಯನ್ನು ಹಳಿಯುವುದಿಲ್ಲ. ಎಳೆ ಎಲ್ಲಿ ಸಡಿಲಗೊಂಡಿದೆ ಎಂಬುದನ್ನು ಹುಡುಕುತ್ತಾನೆ.

ಮನುಷ್ಯನ ದೇಹವೂ ಇಂಥದೇ ಒಂದು ನೇಯ್ಗೆ. ಎಲುಬುಗಳು ತಾವಾಗಿಯೇ ನೆಟ್ಟಗೆ ನಿಲ್ಲಲಾರವು. ಅವುಗಳ ಎರಡೂ ಕಡೆಗಳಲ್ಲಿರುವ ಸ್ನಾಯುಗಳು ಸಮನಾದ ಬಲದಿಂದ ಎಳೆದು ಹಿಡಿದಿರುವುದರಿಂದಲೇ ಬೆನ್ನು ನೇರವಾಗಿ ನಿಲ್ಲುತ್ತದೆ, ಕಾಲು ನೆಲಕ್ಕೆ ಸಮವಾಗಿ ಊರುತ್ತದೆ. ಒಂದು ಕಡೆಯ ಸ್ನಾಯು ಬಲಗುಂದಿದರೆ ಬೆನ್ನು ಬಾಗುತ್ತದೆ, ಪಾದ ತಿರುಚಿಕೊಳ್ಳುತ್ತದೆ. ಇಂದು ಇದು ಸರಳವಾದ ಮಾತಾಗಿ ತೋರುತ್ತದೆ. ಆದರೆ ಒಂದು ಕಾಲದಲ್ಲಿ ಬಾಗಿದ ಬೆನ್ನನ್ನೂ ಸೊಟ್ಟಗಾದ ಕಾಲನ್ನೂ ಕಂಡವರು ಅದನ್ನು ವಿಧಿಯ ಬರಹವೆಂದೋ ಪಾಪದ ಫಲವೆಂದೋ ಭಾವಿಸುತ್ತಿದ್ದರು. ಸೊಟ್ಟಗಾದ ಅಂಚಿನಿಂದ ಸಡಿಲಾದ ಎಳೆಯನ್ನು ಹುಡುಕುವ ನೇಕಾರನಂತೆ, ಬಾಗಿದ ಅಂಗದಿಂದ ಬಲಗುಂದಿದ ಸ್ನಾಯುವನ್ನು ಹುಡುಕಿ ತೋರಿಸಿದ ಮಹನೀಯರಲ್ಲಿ ಫ್ರಾನ್ಸ್ ದೇಶದ ವೈದ್ಯ ಡುಶೆನ್ನನು ಅಗ್ರಗಣ್ಯನು.

ಆತನ ಪೂರ್ಣ ಹೆಸರು ಗಿಯೋಮ್ ಬೆಂಜಮಿನ್ ಅಮಾಂಡ್ ಡುಶೆನ್. 1806ನೆಯ ಇಸವಿಯ ಸೆಪ್ಟೆಂಬರ್ 17ರಂದು ಫ್ರಾನ್ಸಿನ ಉತ್ತರ ಕರಾವಳಿಯಲ್ಲಿರುವ ಬೊಲೋನ್ ಎಂಬ ಬಂದರು ಪಟ್ಟಣದಲ್ಲಿ ಅವನು ಜನಿಸಿದನು. ಅವನ ಮನೆತನದವರು ತಲೆತಲಾಂತರದಿಂದ ಕಡಲನ್ನೇ ನಂಬಿ ಬಾಳಿದವರು. ತಂದೆ ಹಡಗಿನ ನಾಯಕನಾಗಿ ನೆಪೋಲಿಯನ್ನನ ಕಾಲದ ಯುದ್ಧಗಳಲ್ಲಿ ಸಾಹಸ ತೋರಿ ಗೌರವ ಪಡೆದವನು. ಮಗನೂ ತನ್ನಂತೆಯೇ ನಾವಿಕನಾಗಲಿ ಎಂಬುದು ಅವನ ಆಸೆಯಾಗಿತ್ತು. ಆದರೆ ಹುಡುಗನ ಒಲವು ವಿಜ್ಞಾನದ ಕಡೆಗಿತ್ತು. ದುವೆ ಎಂಬ ಊರಿನಲ್ಲಿ ವಿದ್ಯಾಭ್ಯಾಸ ಮುಗಿಸಿದ ಅವನು ಹತ್ತೊಂಬತ್ತನೆಯ ವಯಸ್ಸಿಗೆ ಪದವಿ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ, ವೈದ್ಯಶಾಸ್ತ್ರವನ್ನು ಕಲಿಯಲು ಪ್ಯಾರಿಸ್ ನಗರಕ್ಕೆ ತೆರಳಿದನು. ಸ್ಟೆತಾಸ್ಕೋಪನ್ನು ಕಂಡುಹಿಡಿದ ಲೇನೆಕ್, ಪ್ರಸಿದ್ಧ ಶಸ್ತ್ರವೈದ್ಯ ಡ್ಯುಪ್ಯುಟ್ರನ್ ಮೊದಲಾದ ಘನ ವಿದ್ವಾಂಸರು ಆಗ ಪ್ಯಾರಿಸ್ಸಿನಲ್ಲಿ ಪಾಠ ಹೇಳುತ್ತಿದ್ದರು. ಅಂಥವರ ಬಳಿ ಕಲಿತು 1831ರಲ್ಲಿ ಡುಶೆನ್ನನು ವೈದ್ಯನಾದನು.

ಪದವಿ ದೊರೆತೊಡನೆ ಅವನು ಹುಟ್ಟೂರಿಗೆ ಮರಳಿದನು. ಅಲ್ಲಿ ವೈದ್ಯವೃತ್ತಿಯನ್ನು ಆರಂಭಿಸಿ ಮದುವೆಯಾದನು. ಬಾಳು ಹಸನಾಗಿ ಸಾಗುವ ಲಕ್ಷಣಗಳಿದ್ದವು. ಆದರೆ ಮದುವೆಯಾದ ಎರಡೇ ವರ್ಷಗಳಲ್ಲಿ ಸಿಡಿಲಿನಂಥ ಆಘಾತವೊಂದು ಬಂದೆರಗಿತು. ಗಂಡುಮಗುವನ್ನು ಹೆತ್ತ ಹೆಂಡತಿ ಬಾಣಂತಿಯ ಜ್ವರದಿಂದ ಅಸುನೀಗಿದಳು. ಹೆರಿಗೆಯ ಸಮಯದಲ್ಲಿ ಅವಳ ಬಳಿಯಿದ್ದ ವೈದ್ಯ ಅವನೊಬ್ಬನೇ ಆಗಿದ್ದನು. ಆದ್ದರಿಂದ ಸಾವಿನ ಹೊಣೆಯನ್ನು ಅವನ ತಲೆಗೇ ಕಟ್ಟುವ ಮಾತುಗಳು ಊರಿನಲ್ಲಿ ಹಬ್ಬಿದವು. ತಾಯಿಯ ಕಡೆಯವರು ಮಗುವನ್ನು ತಮ್ಮೊಡನೆ ಕರೆದೊಯ್ದು ಸಾಕಿದರು. ತಂದೆ ಮತ್ತು ಮಗ ಎಷ್ಟೋ ವರ್ಷಗಳ ಕಾಲ ಒಬ್ಬರಿಂದೊಬ್ಬರು ದೂರವಾದರು. ಮುಂದೆ ಅವನು ಮತ್ತೊಮ್ಮೆ ಮದುವೆಯಾದನಾದರೂ ಆ ದಾಂಪತ್ಯವೂ ಸುಖಕರವಾಗಲಿಲ್ಲ.

ದುಃಖದ ಈ ದಿನಗಳಲ್ಲಿ ಅವನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ವಿದ್ಯುಚ್ಛಕ್ತಿ. 1831ರಲ್ಲಿ, ಅಂದರೆ ಡುಶೆನ್ನನು ವೈದ್ಯನಾದ ವರ್ಷದಲ್ಲಿಯೇ, ಇಂಗ್ಲೆಂಡಿನ ಮೈಕೇಲ್ ಫ್ಯಾರಡೆ ವಿದ್ಯುತ್ಕಾಂತೀಯ ಪ್ರೇರಣೆಯ ತತ್ತ್ವವನ್ನು ಕಂಡುಹಿಡಿದಿದ್ದನು. ಆ ಕಾಲದ ಕೆಲವು ವೈದ್ಯರು ರೋಗಿಯ ಮೈಯಲ್ಲಿ ಸೂಜಿಗಳನ್ನು ಚುಚ್ಚಿ ಅವುಗಳ ಮೂಲಕ ವಿದ್ಯುತ್ತನ್ನು ಹಾಯಿಸುತ್ತಿದ್ದರು. ಡುಶೆನ್ನನೂ ಅದೇ ವಿಧಾನದಿಂದ ಪ್ರಯೋಗವನ್ನು ಆರಂಭಿಸಿದನು. ಸೂಜಿಯ ಮೂಲಕ ವಿದ್ಯುತ್ತು ಹರಿದಾಗ ಸ್ನಾಯು ಥಟ್ಟನೆ ಸಂಕುಚಿತವಾಗುವುದನ್ನು ಕಂಡು ಅವನ ಕುತೂಹಲ ಕೆರಳಿತು. ಸೂಜಿ ಚುಚ್ಚದೆಯೇ, ಚರ್ಮಕ್ಕೆ ಗಾಯ ಮಾಡದೆಯೇ, ಬೇಕಾದ ಒಂದೇ ಸ್ನಾಯುವನ್ನು ಪ್ರಚೋದಿಸಲು ಸಾಧ್ಯವೇ ಎಂದು ಅವನು ಆಲೋಚಿಸತೊಡಗಿದನು. ಫ್ಯಾರಡೆಯ ತತ್ತ್ವವನ್ನು ಅನುಸರಿಸಿದ ಪ್ರೇರಣ ಸುರುಳಿಯ ಯಂತ್ರವನ್ನು ಬಳಸಿ, ಒದ್ದೆ ಮಾಡಿದ ಎರಡು ವಿದ್ಯುದಗ್ರಗಳನ್ನು ಚರ್ಮದ ಮೇಲೆ ತಕ್ಕ ಸ್ಥಳದಲ್ಲಿ ಒತ್ತಿ ಹಿಡಿದರೆ ಒಳಗಿನ ಆ ಒಂದು ಸ್ನಾಯು ಮಾತ್ರ ಚಲಿಸುತ್ತದೆ ಎಂಬುದನ್ನು ಅವನು ಕಂಡುಕೊಂಡನು. ಹೆಣವನ್ನು ಕೊಯ್ದು ನೋಡಿ ತಿಳಿಯುತ್ತಿದ್ದ ಸ್ನಾಯುಗಳ ಕೆಲಸವನ್ನು ಜೀವಂತ ದೇಹದಲ್ಲಿಯೇ ಒಂದೊಂದಾಗಿ ನೋಡುವ ಬಾಗಿಲು ಹೀಗೆ ತೆರೆಯಿತು.

ಈ ಶೋಧನೆಗೆ ಸಣ್ಣ ಪಟ್ಟಣ ಸಾಲದಾಯಿತು. 1842ರಲ್ಲಿ ಡುಶೆನ್ನನು ಮತ್ತೆ ಪ್ಯಾರಿಸ್ಸಿಗೆ ಬಂದನು. ಆ ನಗರದಲ್ಲಿ ಡುಶೆನ್ ಎಂಬ ಹೆಸರನ್ನೇ ಹೋಲುವ ಹೆಸರಿನ ಇನ್ನೊಬ್ಬ ವೈದ್ಯನಿದ್ದನು. ಗೊಂದಲವಾಗಬಾರದೆಂದು ಅವನು ತನ್ನ ಹೆಸರಿನೊಂದಿಗೆ ಹುಟ್ಟೂರಿನ ಹೆಸರನ್ನೂ ಸೇರಿಸಿಕೊಂಡು ಬೊಲೋನಿನ ಡುಶೆನ್ ಎಂದು ಕರೆಯಿಸಿಕೊಂಡನು. ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿ ಎಂಬ ಊರ ಹೆಸರುಗಳನ್ನು ಅಡ್ಡಹೆಸರಾಗಿ ಧರಿಸಿದ ಕುಟುಂಬಗಳು ಉತ್ತರ ಕರ್ನಾಟಕದ ಜನರಿಗೆ ಚಿರಪರಿಚಿತ. ಅದೇ ರೀತಿಯಲ್ಲಿ ಕಡಲತೀರದ ಆ ಬಂದರಿನ ಹೆಸರೂ ಈ ವೈದ್ಯನೊಂದಿಗೆ ಶಾಶ್ವತವಾಗಿ ಉಳಿಯಿತು.

ಪ್ಯಾರಿಸ್ಸು ಅವನನ್ನು ಆದರದಿಂದ ಬರಮಾಡಿಕೊಳ್ಳಲಿಲ್ಲ. ಅವನಿಗೆ ವಿಶ್ವವಿದ್ಯಾನಿಲಯದಲ್ಲಿ ಸ್ಥಾನವಿರಲಿಲ್ಲ, ಆಸ್ಪತ್ರೆಯಲ್ಲಿ ಹುದ್ದೆಯಿರಲಿಲ್ಲ. ಮಾತಿನಲ್ಲಿ ಚಾತುರ್ಯವಿರಲಿಲ್ಲ; ಉಚ್ಚಾರಣೆಯಲ್ಲಿ ಕರಾವಳಿಯ ಹಳ್ಳಿಗಾಡಿನ ಛಾಯೆಯಿತ್ತು. ವಿದ್ಯುತ್ ಯಂತ್ರದ ಪೆಟ್ಟಿಗೆಯನ್ನು ಹೊತ್ತುಕೊಂಡು ಒಂದು ಆಸ್ಪತ್ರೆಯಿಂದ ಇನ್ನೊಂದು ಆಸ್ಪತ್ರೆಗೆ ಅಲೆಯುತ್ತಿದ್ದ ಈ ವಿಚಿತ್ರ ವೈದ್ಯನನ್ನು ಕಂಡು ಕೆಲವರು ನಕ್ಕರು. ಕೆಲವರು ಅವಮಾನ ಮಾಡಿದರು. ಅವನು ಯಾವುದನ್ನೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಬೆಳಗಾದರೆ ಬಡವರ ವಾರ್ಡುಗಳಲ್ಲಿ ಹಾಜರಾಗುತ್ತಿದ್ದನು. ರೋಗಿಯ ಹಾಸಿಗೆಯ ಬಳಿ ಕುಳಿತು, ಕಾಯಿಲೆ ಯಾವಾಗ ಆರಂಭವಾಯಿತು, ಮೊದಲು ಯಾವ ಅಂಗ ಸೋತಿತು, ಯಾವ ಕೆಲಸ ಕಷ್ಟವಾಯಿತು ಎಂದು ಸಾವಧಾನವಾಗಿ ಕೇಳುತ್ತಿದ್ದನು. ರೋಗಿ ಬೇರೆ ಆಸ್ಪತ್ರೆಗೆ ಹೋದರೆ ಅಲ್ಲಿಗೂ ಹಿಂಬಾಲಿಸಿ ಹೋಗುತ್ತಿದ್ದನು. ಒಬ್ಬನೇ ರೋಗಿಯನ್ನು ವರ್ಷಗಟ್ಟಲೆ ನೋಡಿದಾಗ ಮಾತ್ರ ಕಾಯಿಲೆಯ ನಿಜವಾದ ಗತಿ ತಿಳಿಯುತ್ತದೆ ಎಂಬುದು ಅವನ ನಂಬಿಕೆಯಾಗಿತ್ತು. ಕ್ರಮೇಣ ಟ್ರೂಸೋ, ಶಾರ್ಕೋ ಮುಂತಾದ ಹಿರಿಯ ವೈದ್ಯರು ಅವನ ಯೋಗ್ಯತೆಯನ್ನು ಅರಿತು ಸ್ನೇಹಿತರಾದರು. ನರರೋಗ ವಿಜ್ಞಾನದಲ್ಲಿ ಜಗತ್ಪ್ರಸಿದ್ಧನಾದ ಶಾರ್ಕೋ ಡುಶೆನ್ನನನ್ನು ತನ್ನ ಗುರುವೆಂದು ಮನ್ನಿಸಿದನು.

1855ರಲ್ಲಿ ಡುಶೆನ್ನನ ಮೊದಲ ಮಹತ್ವದ ಗ್ರಂಥ ಪ್ರಕಟವಾಯಿತು. ದೇಹದ ನಿರ್ದಿಷ್ಟ ಭಾಗಕ್ಕೆ ಮಾತ್ರ ವಿದ್ಯುತ್ತನ್ನು ಹಾಯಿಸುವ ವಿಧಾನವನ್ನೂ ಅದರಿಂದ ತಿಳಿದುಬಂದ ಸಂಗತಿಗಳನ್ನೂ ಅದು ವಿವರಿಸಿತು. 1862ರಲ್ಲಿ ಮುಖದ ಸ್ನಾಯುಗಳನ್ನು ಕುರಿತ ಸಚಿತ್ರ ಗ್ರಂಥ ಹೊರಬಂದಿತು. ಮುಖದ ಯಾವ ಸ್ನಾಯು ಯಾವ ಭಾವವನ್ನು ತೋರಿಸುತ್ತದೆ ಎಂಬುದನ್ನು ಅವನು ಛಾಯಾಚಿತ್ರಗಳ ಸಹಾಯದಿಂದ ನಿರೂಪಿಸಿದನು. ನಿಜವಾದ ನಗುವಿನಲ್ಲಿ ತುಟಿಗಳಷ್ಟೇ ಅಲ್ಲದೆ ಕಣ್ಣಿನ ಸುತ್ತಲ ಸ್ನಾಯುವೂ ಪಾಲ್ಗೊಳ್ಳುತ್ತದೆಂದು ತೋರಿಸಿದವನು ಅವನೇ. ಚಾರ್ಲ್ಸ್ ಡಾರ್ವಿನ್ನನು ಭಾವಾಭಿವ್ಯಕ್ತಿಯನ್ನು ಕುರಿತು 1872ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಚಿತ್ರಗಳಲ್ಲಿ ಕೆಲವನ್ನು ಬಳಸಿಕೊಂಡನು. 1867ರಲ್ಲಿ ಡುಶೆನ್ನನು ದೇಹದ ಚಲನೆಗಳನ್ನು ಕುರಿತ ಬೃಹತ್ ಗ್ರಂಥವನ್ನು ಹೊರತಂದನು. ಭುಜವನ್ನು ಎತ್ತುವಾಗ, ಬೆರಳನ್ನು ಮಡಿಸುವಾಗ, ಹೆಜ್ಜೆಯನ್ನು ಇಡುವಾಗ ಒಂದು ಸ್ನಾಯು ಎಂದೂ ಒಂಟಿಯಾಗಿ ದುಡಿಯುವುದಿಲ್ಲ. ಒಂದು ಎಳೆದರೆ ಇನ್ನೊಂದು ಹಿಡಿತದಲ್ಲಿರಿಸುತ್ತದೆ, ಮತ್ತೊಂದು ಆಧಾರ ನೀಡುತ್ತದೆ ಎಂಬ ತತ್ತ್ವ ಆ ಗ್ರಂಥದ ತಿರುಳು.

ಇಷ್ಟೆಲ್ಲ ಸಾಧಿಸಿದ ಡುಶೆನ್ನನ ಹೆಸರು ಇಂದಿಗೂ ಮನೆಮನೆಗಳಲ್ಲಿ ಉಚ್ಚರಿತವಾಗುತ್ತಿರುವುದು ಮುಖ್ಯವಾಗಿ ಒಂದು ಕಾಯಿಲೆಯ ಕಾರಣದಿಂದ. ಅದು ಮಕ್ಕಳ ಸ್ನಾಯುಗಳನ್ನು ಕ್ರಮಕ್ರಮವಾಗಿ ಸವೆಸುವ ಸ್ನಾಯುಕ್ಷಯ. ವೈದ್ಯರು ಅದನ್ನು ಡುಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿ ಎಂದು ಕರೆಯುತ್ತಾರೆ.

ಅವನ ಬಳಿಗೆ ಕೆಲವು ಗಂಡುಮಕ್ಕಳನ್ನು ತಂದೆತಾಯಿಗಳು ಕರೆತರುತ್ತಿದ್ದರು. ಆ ಮಕ್ಕಳು ನಡೆಯಲು ಕಲಿತದ್ದು ತಡವಾಗಿ. ನಡೆಯುವಾಗ ಬಾತುಕೋಳಿಯಂತೆ ಅತ್ತಿತ್ತ ಓಲಾಡುತ್ತಿದ್ದರು. ಆಗಾಗ ಮುಗ್ಗರಿಸಿ ಬೀಳುತ್ತಿದ್ದರು. ಮೆಟ್ಟಿಲು ಹತ್ತಲು ಬಳಲುತ್ತಿದ್ದರು. ಹೊಟ್ಟೆ ಮುಂದೆ ಬಂದು, ಸೊಂಟ ಒಳಕ್ಕೆ ಬಾಗಿ, ಎದೆ ಹಿಂದಕ್ಕೆ ಸರಿದಿರುತ್ತಿತ್ತು. ಎಲ್ಲಕ್ಕಿಂತ ಆಶ್ಚರ್ಯಕರವಾದುದು ಅವರ ಕಾಲಿನ ಮೀನಖಂಡ. ಅದು ಪೈಲ್ವಾನನ ಮೀನಖಂಡದಂತೆ ದಪ್ಪವಾಗಿ, ಗಟ್ಟಿಯಾಗಿ ಕಾಣುತ್ತಿತ್ತು. ಇಷ್ಟು ಪುಷ್ಟವಾದ ಕಾಲುಗಳುಳ್ಳ ಹುಡುಗನು ಏಕೆ ಬೀಳುತ್ತಾನೆ? ಸೋಮಾರಿತನವೇ, ಹಟವೇ ಎಂದು ಹಿರಿಯರು ಬೈಯುತ್ತಿದ್ದುದೂ ಉಂಟು. ಆದರೆ ವರ್ಷಗಳು ಉರುಳಿದಂತೆ ಕಾಲುಗಳು ಪೂರ್ತಿಯಾಗಿ ಸೋಲುತ್ತಿದ್ದವು. ಬಳಿಕ ತೋಳುಗಳೂ ಬಲಗುಂದುತ್ತಿದ್ದವು.

1861ರಲ್ಲಿ ಡುಶೆನ್ನನು ತನ್ನ ಗ್ರಂಥದ ಎರಡನೆಯ ಮುದ್ರಣದಲ್ಲಿ ಇಂಥ ಬಾಲಕನೊಬ್ಬನ ಸ್ಥಿತಿಯನ್ನು ಬಣ್ಣಿಸಿದನು. ಕಾಯಿಲೆಯ ಮೂಲವು ಮೆದುಳಿನಲ್ಲಿರಬಹುದೆಂದು ಅವನು ಆಗ ಊಹಿಸಿದ್ದನು. ಆದರೆ ಊಹೆಯನ್ನು ಸತ್ಯವೆಂದು ಹಿಡಿದು ಕೂರುವ ಸ್ವಭಾವ ಅವನದಲ್ಲ. ಸ್ನಾಯುವಿನ ಒಳಗೆ ಏನಾಗಿದೆ ಎಂಬುದನ್ನು ಕಣ್ಣಾರೆ ನೋಡಲು ಅವನು ಹೊಸದೊಂದು ಸೂಜಿಯನ್ನು ರೂಪಿಸಿದನು. ಆ ಸೂಜಿಯನ್ನು ಚುಚ್ಚಿ ಹೊರತೆಗೆದರೆ ಸ್ನಾಯುವಿನ ಸಣ್ಣ ಚೂರೊಂದು ಅದರೊಂದಿಗೆ ಬರುತ್ತಿತ್ತು. ಜೀವಂತ ರೋಗಿಯ ಮಾಂಸವನ್ನು ಹೀಗೆ ತೆಗೆಯುವುದು ಸರಿಯೇ ಎಂದು ಆಕ್ಷೇಪಿಸಿದವರೂ ಇದ್ದರು. ಆದರೆ ಅದೇ ಮಾದರಿಯ ಪರೀಕ್ಷೆ ಇಂದು ಜಗತ್ತಿನ ಎಲ್ಲೆಡೆ ಬಳಕೆಯಲ್ಲಿದೆ. ಸೂಕ್ಷ್ಮದರ್ಶಕದ ಕೆಳಗೆ ಆ ಚೂರನ್ನು ಇಟ್ಟು ನೋಡಿದಾಗ ನಿಜಸಂಗತಿ ಹೊರಬಿತ್ತು. ದಪ್ಪವಾಗಿ ಕಾಣುತ್ತಿದ್ದ ಮೀನಖಂಡದಲ್ಲಿ ಆರೋಗ್ಯಕರವಾದ ಸ್ನಾಯುತಂತುಗಳು ಕಡಿಮೆಯಾಗಿದ್ದವು. ಅವುಗಳ ಜಾಗವನ್ನು ಕೊಬ್ಬೂ ನಾರಿನಂಥ ಅಂಗಾಂಶವೂ ತುಂಬಿಕೊಂಡಿದ್ದವು. ಹೊರನೋಟದ ಪುಷ್ಟಿ ಬರಿಯ ಮರೆಯಾಗಿತ್ತು. ತಪ್ಪು ಮೆದುಳಿನದಲ್ಲ, ಸ್ನಾಯುವಿನದು ಎಂದು ಅವನು ತನ್ನ ಮೊದಲಿನ ಅಭಿಪ್ರಾಯವನ್ನು ತಾನೇ ತಿದ್ದಿಕೊಂಡನು. 1868ರಲ್ಲಿ ಹದಿಮೂರು ರೋಗಿಗಳ ವಿವರಗಳೊಂದಿಗೆ ಈ ಕಾಯಿಲೆಯ ಸಂಪೂರ್ಣ ಚಿತ್ರವನ್ನು ಪ್ರಕಟಿಸಿದನು. ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಮೆರಿಯನ್ನನು 1852ರಲ್ಲಿಯೇ ಇದೇ ಕಾಯಿಲೆಯನ್ನು ವರ್ಣಿಸಿ, ಅದು ಸ್ನಾಯುಗಳದೇ ಕಾಯಿಲೆಯೆಂದು ಹೇಳಿದ್ದನೆಂಬುದನ್ನೂ ಇಲ್ಲಿ ಸ್ಮರಿಸುವುದು ನ್ಯಾಯ. ಆದರೂ ಡುಶೆನ್ನನ ವಿವರಣೆಯ ಸ್ಪಷ್ಟತೆಯಿಂದಾಗಿ ಕಾಯಿಲೆಗೆ ಅವನ ಹೆಸರೇ ನಿಂತಿತು.

ಡುಶೆನ್ನನ ದೃಷ್ಟಿ ಕಾಯಿಲೆಗೆ ಹೆಸರಿಡುವಲ್ಲಿಗೆ ನಿಲ್ಲಲಿಲ್ಲ. ಬೆನ್ನು ಏಕೆ ಹಾಗೆ ಬಾಗುತ್ತದೆ ಎಂಬುದು ಅವನನ್ನು ಕಾಡಿದ ಪ್ರಶ್ನೆ. ಗೌಂಡಿಗಳು ದಾರಕ್ಕೆ ಗುಂಡನ್ನು ಕಟ್ಟಿ ಇಳಿಬಿಟ್ಟು ಗೋಡೆಯ ನೇರವನ್ನು ನೋಡುತ್ತಾರಲ್ಲವೇ? ಅದೇ ಬಗೆಯ ತೂಗುದಾರವನ್ನು ಡುಶೆನ್ನನು ರೋಗಿಯ ಬೆನ್ನಿನ ಹಿಂದೆ ಇಳಿಬಿಟ್ಟು ನೋಡಿದನು. ಬೆನ್ನನ್ನು ಎತ್ತಿ ಹಿಡಿಯುವ ಸ್ನಾಯುಗಳು ಸೋತವನು ತನ್ನ ಮುಂಡವನ್ನು ಹಿಂದಕ್ಕೆ ವಾಲಿಸಿ ನಿಲ್ಲುತ್ತಾನೆ. ಆಗ ದಾರವು ಸೊಂಟದ ಹಿಂದೆ ದೂರಕ್ಕೆ ಬೀಳುತ್ತದೆ. ಹೊಟ್ಟೆಯ ಸ್ನಾಯುಗಳು ಸೋತವನಲ್ಲಿಯೂ ಸೊಂಟ ಒಳಕ್ಕೆ ಬಾಗುತ್ತದೆ. ಆದರೆ ದಾರವು ಹಾಗೆ ಹಿಂದಕ್ಕೆ ಸರಿಯುವುದಿಲ್ಲ. ನೋಡುವವರಿಗೆ ಎರಡೂ ಒಂದೇ ತೆರನಾದ ಗೂನು. ಡುಶೆನ್ನನಿಗೆ ಅವು ಎರಡು ಬೇರೆ ಬೇರೆ ಕಥೆಗಳು.

ಇದರಿಂದ ಅವನು ಒಂದು ದೊಡ್ಡ ಸತ್ಯವನ್ನು ಗ್ರಹಿಸಿದನು. ಮುಂಡವನ್ನು ಹಿಂದಕ್ಕೆ ವಾಲಿಸುವ ಬಾಲಕನು ಕೆಟ್ಟ ರೂಢಿಯಿಂದ ಹಾಗೆ ಮಾಡುತ್ತಿಲ್ಲ. ಬೆನ್ನಿನ ಮತ್ತು ಪೃಷ್ಠದ ಸ್ನಾಯುಗಳು ಬಲಗುಂದಿರುವುದರಿಂದ ಮುಂದಕ್ಕೆ ಬಾಗಿದರೆ ಅವನು ಬಿದ್ದುಹೋಗುತ್ತಾನೆ. ಬೀಳದಿರಲು ದೇಹವು ತನ್ನ ಭಾರವನ್ನು ಹಿಂದಕ್ಕೆ ಸರಿಸಿ ಸಮತೋಲವನ್ನು ಹುಡುಕಿಕೊಳ್ಳುತ್ತದೆ. ಹಿಮ್ಮಡಿ ಎತ್ತಿ ತುದಿಗಾಲಿನಲ್ಲಿ ನಡೆಯುವುದೂ ಹಾಗೆಯೇ. ಕಣ್ಣಿಗೆ ಕಾಣುವ ವಕ್ರತೆಯು ಬಲಹೀನತೆಯೊಂದಿಗೆ ದೇಹ ಮಾಡಿಕೊಂಡ ಒಡಂಬಡಿಕೆ. ಆದ್ದರಿಂದ ಕಾರಣವನ್ನು ತಿಳಿಯದೆ ಬಾಗಿದ ಅಂಗವನ್ನು ಬಲವಂತವಾಗಿ ನೆಟ್ಟಗೆ ಮಾಡಹೊರಟರೆ ರೋಗಿಗೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು.

ಸೋತ ಸ್ನಾಯುವಿನ ಕೆಲಸವನ್ನು ಹೊರಗಿನ ಸಾಧನವೊಂದು ಮಾಡಬಾರದೇಕೆ ಎಂದೂ ಡುಶೆನ್ನನು ಯೋಚಿಸಿದನು. ಬೇರೆ ಬೇರೆ ಬಗೆಯ ಪಾರ್ಶ್ವವಾಯುಗಳಿಂದ ಕೈ ಅಥವಾ ಪಾದ ಸೊಟ್ಟಗಾದವರಿಗಾಗಿ ಅವನು ಸ್ಪ್ರಿಂಗುಗಳುಳ್ಳ ಕೈಗವಸುಗಳನ್ನೂ ಕಾಲ್ಗವಸುಗಳನ್ನೂ ರಚಿಸಿದನು. ಸೋತ ಸ್ನಾಯು ಯಾವ ದಿಕ್ಕಿನಲ್ಲಿ ಎಳೆಯಬೇಕಾಗಿತ್ತೋ ಅದೇ ದಿಕ್ಕಿನಲ್ಲಿ ಸ್ಪ್ರಿಂಗು ಎಳೆಯುತ್ತಿತ್ತು. ಕಾಲನ್ನು ಕಬ್ಬಿಣದ ಪಟ್ಟಿಗಳಲ್ಲಿ ಬಂಧಿಸಿಡುವುದಕ್ಕಿಂತ ಅದನ್ನು ಚಲಿಸಗೊಡುತ್ತಲೇ ನೇರವಾಗಿಡುವುದು ಮೇಲೆಂಬುದು ಈ ಸಾಧನಗಳ ತತ್ತ್ವ. ಹೀಗಿದ್ದರೂ ಅವನ ಎಲ್ಲ ಆಸೆಗಳೂ ಈಡೇರಲಿಲ್ಲ. ವಿದ್ಯುತ್ ಚಿಕಿತ್ಸೆಯ ಮೇಲೆ ಅವನು ಅಪಾರ ಭರವಸೆಯಿಟ್ಟಿದ್ದನು. ಆದರೆ ಸ್ನಾಯುಕ್ಷಯವನ್ನು ಗುಣಪಡಿಸುವ ಶಕ್ತಿ ವಿದ್ಯುತ್ತಿಗೆ ಇರಲಿಲ್ಲ. ಅವನು ಅಷ್ಟು ಅಕ್ಕರೆಯಿಂದ ಪರೀಕ್ಷಿಸಿದ ಮಕ್ಕಳನ್ನು ಕಾಯಿಲೆಯಿಂದ ಪಾರುಮಾಡಲು ಅವನಿಂದಾಗಲಿಲ್ಲ.

ಬಾಳಿನ ಸಂಜೆಯಲ್ಲಿ ಡುಶೆನ್ನನಿಗೆ ಒಂದು ಸಂತೋಷ ಒದಗಿತು. ಬಾಲ್ಯದಲ್ಲಿ ದೂರವಾಗಿದ್ದ ಮಗ ಎಮಿಲ್ ಬೆಳೆದು, ತಾನೂ ವೈದ್ಯನಾಗುವ ದಾರಿ ಹಿಡಿದು, 1862ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ತಂದೆಯನ್ನು ಸೇರಿಕೊಂಡನು. ತಂದೆಮಕ್ಕಳಿಬ್ಬರೂ ಒಂದೇ ಶಾಸ್ತ್ರದಲ್ಲಿ ದುಡಿದರು. ಆದರೆ ಈ ಸಂತೋಷವೂ ಬಹುಕಾಲ ಉಳಿಯಲಿಲ್ಲ. ಫ್ರಾನ್ಸ್ ಮತ್ತು ಪ್ರಶ್ಯಗಳ ನಡುವೆ 1870-71ರಲ್ಲಿ ನಡೆದ ಯುದ್ಧದ ಕಾಲದ ಸುಮಾರಿಗೆ ಮಗನು ವಿಷಮಶೀತಜ್ವರಕ್ಕೆ ಬಲಿಯಾದನು. ಆ ಪೆಟ್ಟಿನಿಂದ ಡುಶೆನ್ನನು ಚೇತರಿಸಿಕೊಳ್ಳಲೇ ಇಲ್ಲ. 1875ರ ಸೆಪ್ಟೆಂಬರ್ ತಿಂಗಳಲ್ಲಿ ಮೆದುಳಿನ ರಕ್ತಸ್ರಾವದಿಂದ ಅವನು ಪ್ಯಾರಿಸ್ಸಿನಲ್ಲಿ ಕಾಲವಶನಾದನು. ಜೀವಮಾನವೆಲ್ಲ ಹುದ್ದೆಯಿಲ್ಲದೆ ಅಲೆದ ಈ ವೈದ್ಯನ ಸ್ಮಾರಕವನ್ನು ಮುಂದೆ ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ನಿಲ್ಲಿಸಲಾಯಿತು.

ಅವನು ಹಚ್ಚಿದ ದೀಪವನ್ನು ಬೇರೆಯವರು ಮುಂದಕ್ಕೊಯ್ದರು. 1879ರಲ್ಲಿ ಇಂಗ್ಲೆಂಡಿನ ವಿಲಿಯಮ್ ಗವರ್ಸನು, ಈ ಕಾಯಿಲೆಯ ಮಕ್ಕಳು ನೆಲದಿಂದ ಏಳುವಾಗ ತಮ್ಮ ಕೈಗಳನ್ನು ಮೊಣಕಾಲು ಮತ್ತು ತೊಡೆಗಳ ಮೇಲೆ ಒಂದೊಂದಾಗಿ ಊರುತ್ತ, ತಮ್ಮ ಮೈಯನ್ನು ತಾವೇ ಹತ್ತುವಂತೆ ಮೇಲೇಳುತ್ತಾರೆ ಎಂಬುದನ್ನು ವಿವರವಾಗಿ ಬರೆದನು. ಇಂದಿಗೂ ವೈದ್ಯರು ಮೊದಲು ನೋಡುವ ಲಕ್ಷಣಗಳಲ್ಲಿ ಇದೂ ಒಂದು. ಕಾಯಿಲೆಯ ಮೂಲಕಾರಣ ತಿಳಿಯಲು ಮಾತ್ರ ಇನ್ನೂ ನೂರು ವರ್ಷ ಬೇಕಾಯಿತು. 1986-87ರಲ್ಲಿ ಅಮೆರಿಕದ ಲೂಯಿ ಕುಂಕೆಲ್ ಮತ್ತು ಅವರ ಸಂಗಡಿಗರು ಇದಕ್ಕೆ ಕಾರಣವಾದ ಜೀನನ್ನೂ ಅದು ತಯಾರಿಸಬೇಕಾದ ಡಿಸ್ಟ್ರೊಫಿನ್ ಎಂಬ ಪ್ರೋಟೀನನ್ನೂ ಗುರುತಿಸಿದರು. ಸ್ನಾಯುತಂತುವಿನ ಹೊದಿಕೆಯನ್ನು ಭದ್ರವಾಗಿಡುವ ಈ ಪ್ರೋಟೀನು ಇಲ್ಲದಿದ್ದರೆ ಸ್ನಾಯು ದುಡಿದಂತೆಲ್ಲ ಹರಿದು ಸವೆಯುತ್ತದೆ. ಆ ಜೀನು ಎಕ್ಸ್ ವರ್ಣತಂತುವಿನ ಮೇಲಿರುವುದರಿಂದ ಕಾಯಿಲೆ ಬಹುಮಟ್ಟಿಗೆ ಗಂಡುಮಕ್ಕಳಲ್ಲಿಯೇ ಕಾಣಿಸಿಕೊಳ್ಳುತ್ತದೆ. ಸುಮಾರು 3,500ರಿಂದ 5,000 ಗಂಡುಮಕ್ಕಳಲ್ಲಿ ಒಬ್ಬನಿಗೆ ಇದು ಬರುತ್ತದೆ. ಮೂರರಲ್ಲಿ ಒಂದು ಪಾಲಿನಷ್ಟು ಪ್ರಸಂಗಗಳಲ್ಲಿ ತಾಯಿಯಿಂದ ಬಾರದೆ, ಮಗುವಿನಲ್ಲಿಯೇ ಹೊಸದಾಗಿ ಉಂಟಾದ ವ್ಯತ್ಯಾಸದಿಂದ ಬರುತ್ತದೆ. ಇದರಲ್ಲಿ ತಾಯಿಯ ತಪ್ಪೂ ಇಲ್ಲ, ಮಗುವಿನ ತಪ್ಪೂ ಇಲ್ಲ.

ಕಾಯಿಲೆಯನ್ನು ಬೇರುಸಹಿತ ಕೀಳುವ ಔಷಧಿ ಇನ್ನೂ ದೊರೆತಿಲ್ಲ. ಆದರೆ ಅದರ ಬೆನ್ನಿಗೆ ಬರುವ ಅಂಗವಕ್ರತೆಯನ್ನು ತಡೆಯುವ, ಮುಂದೂಡುವ ದಾರಿಗಳು ಹಲವಿವೆ. ಅವುಗಳ ಹಿಂದೆ ಇರುವುದು ಡುಶೆನ್ನನು ತೋರಿಸಿದ ತತ್ತ್ವವೇ. ಸ್ನಾಯು ಬಲಗುಂದಿದಾಗ ಅದರ ಎದುರು ಬದಿಯ ಸ್ನಾಯು ಕುಗ್ಗಿ ಗಿಡ್ಡವಾಗುತ್ತದೆ, ಕೀಲು ಬಿಗಿದುಕೊಳ್ಳುತ್ತದೆ. ಆದ್ದರಿಂದ ಹಿಮ್ಮಡಿ, ಮೊಣಕಾಲು, ಸೊಂಟಗಳನ್ನು ದಿನವೂ ಮೆಲ್ಲನೆ, ನೋವಾಗದಂತೆ ನೀಳವಾಗಿ ಚಾಚುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟರು ಹೇಳಿಕೊಡುತ್ತಾರೆ. ತಂದೆತಾಯಿಗಳು ಅದನ್ನು ಮನೆಯಲ್ಲಿಯೇ ಮಾಡಿಸಬಹುದು. ರಾತ್ರಿ ಮಲಗುವಾಗ ಪಾದ ಕೆಳಕ್ಕೆ ಜೋಲದಂತೆ ಹಿಡಿಯುವ ಹಗುರವಾದ ಆಧಾರಪಟ್ಟಿಯನ್ನು ಕಾಲಿಗೆ ತೊಡಿಸುತ್ತಾರೆ. ಭಾರ ಎತ್ತುವ, ಮೈ ದಣಿಸುವ ವ್ಯಾಯಾಮ ಮಾತ್ರ ಇಂಥ ಮಕ್ಕಳಿಗೆ ಹಾನಿಕರ. ವೈದ್ಯರ ಮೇಲ್ವಿಚಾರಣೆಯಲ್ಲಿ ಕೊಡುವ ಸ್ಟೀರಾಯ್ಡ್ ಔಷಧಿ ನಡೆಯುವ ಶಕ್ತಿಯನ್ನು ಕೆಲವು ವರ್ಷ ಹೆಚ್ಚು ಉಳಿಸುತ್ತದೆ. ಬೆನ್ನು ಬಾಗುವುದನ್ನೂ ತಗ್ಗಿಸುತ್ತದೆ. ಅದು ಎಲುಬನ್ನು ತೆಳುಮಾಡುವುದರಿಂದ ಎಚ್ಚರ ಬೇಕು. ಅದನ್ನು ಒಮ್ಮೆಲೇ ನಿಲ್ಲಿಸುವುದೂ ಅಪಾಯ.

ನಡಿಗೆ ನಿಂತು ಗಾಲಿಕುರ್ಚಿ ಹಿಡಿದ ಮೇಲೆ ಬೆನ್ನಿನ ಸರದಿ. ಬೆಳೆಯುವ ವಯಸ್ಸಿನ ಹುಡುಗನು ಒಂದೇ ಮಗ್ಗುಲಿಗೆ ವಾಲಿ ಕುಳಿತರೆ ಬೆನ್ನೆಲುಬು ಪಕ್ಕಕ್ಕೆ ಬಾಗತೊಡಗುತ್ತದೆ. ಬಾಗು ಹೆಚ್ಚಿದಂತೆ ಕೂರುವುದೇ ನೋವಾಗುತ್ತದೆ. ಎದೆಗೂಡು ಒತ್ತಿಕೊಂಡು ಉಸಿರಾಟಕ್ಕೂ ತೊಡಕಾಗುತ್ತದೆ. ಹೀಗಾಗಿ ಕುರ್ಚಿಯ ಆಸನ ಗಟ್ಟಿಯಾಗಿ, ಸಮತಟ್ಟಾಗಿ, ಎರಡೂ ಮಗ್ಗುಲಿಗೆ ಆಧಾರವುಳ್ಳದ್ದಾಗಿರಬೇಕು. ಮನೆಯಲ್ಲಿರುವ ಜೋಲು ಕುರ್ಚಿ ಅದಕ್ಕೆ ತಕ್ಕುದಲ್ಲ. ಬೆನ್ನನ್ನು ಕಾಲಕಾಲಕ್ಕೆ ಪರೀಕ್ಷಿಸಿ, ಬಾಗು ಹೆಚ್ಚುತ್ತಿದ್ದರೆ ಲೋಹದ ಸರಳುಗಳನ್ನು ಜೋಡಿಸಿ ಬೆನ್ನೆಲುಬನ್ನು ನೇರವಾಗಿ ನಿಲ್ಲಿಸುವ ಶಸ್ತ್ರಚಿಕಿತ್ಸೆಯನ್ನು ಮಾಡುತ್ತಾರೆ. ಶ್ವಾಸಕೋಶ ಮತ್ತು ಹೃದಯಗಳು ಬಲವಾಗಿರುವಾಗಲೇ ಅದನ್ನು ಮಾಡಬೇಕಾದುದರಿಂದ ತಡಮಾಡುವಂತಿಲ್ಲ. ಹಿಂದೆ ಹದಿಹರೆಯ ದಾಟುವುದೇ ಕಷ್ಟವಾಗಿದ್ದ ಇಂಥ ರೋಗಿಗಳಲ್ಲಿ ಅನೇಕರು, ಉಸಿರಾಟ ಮತ್ತು ಹೃದಯಗಳ ಆರೈಕೆ ಸರಿಯಾಗಿ ದೊರೆತರೆ, ಈಗ ಮೂವತ್ತರ ಪ್ರಾಯವನ್ನು ಕಾಣುತ್ತಿದ್ದಾರೆ.

ಕೃಷ್ಣೆ ಮತ್ತು ಘಟಪ್ರಭೆಯ ನೀರು ಹರಿಯುವ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಯಾವುದೇ ಓಣಿಯಲ್ಲಿ, ಯಾವುದೇ ಶಾಲೆಯಲ್ಲಿ ಇಂಥ ಹುಡುಗನೊಬ್ಬನು ಇರಬಹುದು. ಅವನು ಓಟದಲ್ಲಿ ಹಿಂದೆ ಬೀಳುತ್ತಾನೆ. ಮೆಟ್ಟಿಲ ಬಳಿ ನಿಂತುಬಿಡುತ್ತಾನೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಸ್ನಾಯುರೋಗಗಳ ಪರಿಣತರಿದ್ದಾರೆ. ಆದರೆ ಅದು ಈ ಊರುಗಳಿಂದ ನೂರಾರು ಕಿಲೋಮೀಟರ್ ದೂರ. ಮಗ್ಗದ ಕೂಲಿಯನ್ನೋ ಕಬ್ಬಿನ ಗದ್ದೆಯ ದುಡಿಮೆಯನ್ನೋ ನಂಬಿದ ಕುಟುಂಬಕ್ಕೆ ಆ ಪ್ರಯಾಣ ಸುಲಭದ್ದಲ್ಲ. ವರ್ಷಕ್ಕೆ ಒಂದೆರಡು ಬಾರಿ ದೊರೆಯುವ ತಜ್ಞರ ಸಲಹೆಯಷ್ಟೇ ಮುಖ್ಯವಾದುದು ಮನೆಯಲ್ಲಿ ದಿನವೂ ತಪ್ಪದೆ ನಡೆಯುವ ಆರೈಕೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಸ್ನಾಯುಕ್ಷಯವನ್ನು ತನ್ನ 21 ಬಗೆಯ ನ್ಯೂನತೆಗಳ ಪಟ್ಟಿಯಲ್ಲಿ ಸೇರಿಸಿದೆ. ಇಂಥ ಹುಡುಗನಿಗೆ ಉಳಿದವರ ಜೊತೆಯಲ್ಲಿಯೇ ಕುಳಿತು ಕಲಿಯುವ ಹಕ್ಕಿದೆ. ಅವನ ತರಗತಿಯನ್ನು ನೆಲ ಅಂತಸ್ತಿಗೆ ತರುವುದು, ಬಾಗಿಲಿಗೆ ಇಳಿಜಾರು ಕಟ್ಟಿಸುವುದು ಶಾಲೆಯ ಕರ್ತವ್ಯ. ಅವನ ಪುಸ್ತಕದ ಚೀಲವನ್ನು ಹೊರುವುದು, ಬಿದ್ದಾಗ ನಗದಿರುವುದು, ಆಟದ ಹೊತ್ತಿನಲ್ಲಿ ಅವನನ್ನು ಒಂಟಿಯಾಗಿ ಬಿಡದಿರುವುದು ಸಹಪಾಠಿಗಳ ಕರ್ತವ್ಯ.

ಡುಶೆನ್ನನಿಗೆ ಕಾಯಿಲೆಯನ್ನು ಗೆಲ್ಲಲಾಗಲಿಲ್ಲ. ಆದರೆ ಎಲ್ಲರೂ ಬಾಗಿದ ಬೆನ್ನನ್ನು ನೋಡಿ ಮುಖ ತಿರುಗಿಸಿಕೊಂಡಾಗ ಅವನು ಆ ಬೆನ್ನಿನ ಹಿಂದೆ ನಿಂತು, ದಾರವನ್ನು ಇಳಿಬಿಟ್ಟು, ಅದು ಏಕೆ ಬಾಗಿದೆ ಎಂದು ಕೇಳಿದನು. ಸಡಿಲಾದ ಎಳೆಯನ್ನು ತಾಳ್ಮೆಯಿಂದ ಹುಡುಕುವ ನೇಕಾರನ ಗುಣ ಅವನಲ್ಲಿತ್ತು. ಅವನು ಕೇಳಿದ ಆ ಪ್ರಶ್ನೆಯಿಂದಾಗಿಯೇ ಇಂದು ಎಷ್ಟೋ ಮಕ್ಕಳು ಕೆಲವು ಹೆಜ್ಜೆಗಳನ್ನು ಹೆಚ್ಚಾಗಿ ನಡೆಯುತ್ತಿದ್ದಾರೆ. ನಡೆಯಲಾಗದವರು ನೆಟ್ಟಗೆ ಕುಳಿತು, ಪುಸ್ತಕವನ್ನು ಮುಂದಿಟ್ಟುಕೊಂಡು ಓದುತ್ತಿದ್ದಾರೆ.